ಕೆರಿಬಿಯನ್ ಕ್ರೂಸ್‌ಗೆ ಹೊರಟಿದ್ದೀರಾ? ಹಡಗಿನವರ ಬಸ್ ಹತ್ತುವ ಮುನ್ನ ಇದನ್ನೋದಿ

ಕ್ರೂಸ್ ವಿಚಾರಿಸುವವರೆಲ್ಲ ಮೊದಲು ಕೇಳುವುದು ಹಡಗು ಯಾವುದು, ಬಾಲ್ಕನಿ ರೂಮಿಗೆ ಎಷ್ಟು ಅಂತ. ನಾನಾದರೆ ಹಡಗು ನಿಲ್ಲುವ ಬಂದರುಗಳ ಪಟ್ಟಿಯನ್ನೇ ಮೊದಲು ನೋಡುತ್ತೇನೆ. ಇಳಿದವರು ನಡೆದುಕೊಂಡೇ ಊರೊಳಗೆ ಹೋಗುವಂತಿದೆಯೇ? ಹಾಗಿದ್ದರೆ ಉಳಿದದ್ದು ಹೇಗಿದ್ದರೂ ನಡೆಯುತ್ತದೆ.

ಈ ಹಟ ನನಗೆ ಹಿಡಿದದ್ದು ಸೇಂಟ್ ಮಾರ್ಟನ್‌ನಲ್ಲಿ. ಅಲ್ಲಿನ ಮಾಹೋ ಬೀಚ್‌ನಲ್ಲಿ ವಿಮಾನಗಳು ತಲೆ ಮೇಲೇ ಹಾದು ರನ್‌ವೇಗೆ ಇಳಿಯುತ್ತವೆ. ಅದನ್ನು ತೋರಿಸುತ್ತೇವೆಂದು ಹಡಗಿನವರು ಮಾರಿದ ಟೂರ್ ತೆಗೆದುಕೊಂಡೆವು. ದಾರಿಯಲ್ಲಿ ಸಿಂಪ್ಸನ್ ಬೇ ಸೇತುವೆ ಸಿಗುತ್ತದೆ. ಲಗೂನಿಗೆ ಹೋಗಿಬರುವ ದೋಣಿಗಳಿಗಾಗಿ ಅದನ್ನು ಗೊತ್ತಾದ ಹೊತ್ತಿಗೆ ಎತ್ತುತ್ತಾರೆ, ಆಗ ಎರಡೂ ಕಡೆ ವಾಹನಗಳು ನಿಂತಲ್ಲೇ ನಿಲ್ಲಬೇಕು. ಇದು ಊರಿಗೆಲ್ಲ ಗೊತ್ತಿರುವ ಸಂಗತಿ, ಬಸ್ಸಿನವನಿಗೆ ಗೊತ್ತಿರದೆ ಇರುತ್ತದೆಯೇ? ಶ್ರೀಮಂತರ ಬಿಳಿ ದೋಣಿಗಳು ಒಂದರ ಹಿಂದೊಂದು ಮೆರವಣಿಗೆ ಹೋಗುತ್ತಿದ್ದರೆ ನಾವು ಎ.ಸಿ. ಕೆಟ್ಟ ಬಸ್ಸಿನಲ್ಲಿ ಬೆವರು ಒರೆಸಿಕೊಳ್ಳುತ್ತಾ ಕೂತಿದ್ದೆವು. ಬೀಚಿಗೆ ತಲುಪಿ ಚಪ್ಪಲಿ ಕಳಚುವಷ್ಟರಲ್ಲಿ ಹೊರಡಿ ಅಂದರು. ಕಂಡದ್ದು ಒಂದೆರಡು ಪುಟ್ಟ ಪ್ರೊಪೆಲ್ಲರ್ ವಿಮಾನ. ಫೋಟೋಗಳಲ್ಲಿ ಕಾಣುವ ದೊಡ್ಡ ಜೆಟ್‌ಗಳ ಸುಳಿವೇ ಇಲ್ಲ. ಹಡಗಿನ ಕೌಂಟರ್‌ನಲ್ಲಿ ಕೇಳಿದರೆ, ಟ್ರಾಫಿಕ್ ನಮ್ಮ ಕೈಯಲ್ಲಿಲ್ಲ ಎಂಬ ಉತ್ತರ. ತಲೆಗಿಷ್ಟು ಅಂತ ವಸೂಲಿ ಮಾಡುವಾಗ ಎಲ್ಲವೂ ಅವರ ಕೈಯಲ್ಲೇ ಇತ್ತು!

ಅದೇ ಬಂದರಿನಿಂದ ಫಿಲಿಪ್ಸ್‌ಬರ್ಗ್ ಊರಿಗೆ ನಡೆದರೆ ಇಪ್ಪತ್ತು ಇಪ್ಪತ್ತೈದು ನಿಮಿಷ. ಸಮುದ್ರದ ಪಕ್ಕದಲ್ಲೇ ಕಾಲುದಾರಿ, ಮೆತ್ತಗಿನ ಮರಳು, ನೀರಿಗಿಳಿಯಲು ಯಾರಿಗೂ ಕಾಸು ಕೊಡಬೇಕಿಲ್ಲ. ಹಿಂದಿನ ಬೀದಿ ಫ್ರಂಟ್ ಸ್ಟ್ರೀಟ್. ಅಲ್ಲಿನ ಚಿನ್ನ, ವಾಚು, ಕ್ಯಾಮೆರಾ ಅಂಗಡಿಗಳಲ್ಲಿ ಬಹಳಷ್ಟು ಸಿಂಧಿಗಳವು. ನಮ್ಮ ಮುಖ ಕಂಡೊಡನೆ ಹಿಂದಿಯಲ್ಲಿ ಕರೆಯುತ್ತಾರೆ, ನೀರು ಕೊಡುತ್ತಾರೆ, ಕೂರಿಸುತ್ತಾರೆ. ಕೂತಿರೋ, ಬರಿಗೈಲಿ ಏಳುವುದು ಕಷ್ಟ. ಹಡಗಿನಲ್ಲಿ ಹಂಚುವ ಮ್ಯಾಪನ್ನೂ ನಂಬಬೇಡಿ. ಅದರಲ್ಲಿ ಎದ್ದು ಕಾಣುವುದು ಅಂಗಡಿಗಳು ಮಾತ್ರ. ಫೋನಿನಲ್ಲಿ ಆಫ್‌ಲೈನ್ ಮ್ಯಾಪ್ ಇಳಿಸಿಕೊಂಡು ಹೋಗಿ.

ನಡೆಯುವವರಿಗೆಂದೇ ಹೇಳಿ ಮಾಡಿಸಿದ ಊರು ಕುರಸಾವ್‌ನ ವಿಲೆಮ್‌ಸ್ಟಾಡ್. ದೊಡ್ಡ ಹಡಗುಗಳು ಓತ್ರೊಬಾಂಡಾ ಕಡೆ ನಿಲ್ಲುತ್ತವೆ. ಹತ್ತು ಹದಿನೈದು ನಿಮಿಷ ನಡೆದರೆ ಕ್ವೀನ್ ಎಮ್ಮಾ ಸೇತುವೆ. 1888ರದ್ದು, ನೀರಿನ ಮೇಲೆ ತೇಲುವಂಥದ್ದು, ಕಾಲ್ನಡಿಗೆಯವರಿಗೆ ಮಾತ್ರ. ಹಡಗು ಬಂದರೆ ಇಡೀ ಸೇತುವೆಯೇ ಒಂದು ತುದಿಯಿಂದ ಬಾಗಿಲಿನಂತೆ ತಿರುಗಿ ದಾರಿ ಬಿಡುತ್ತದೆ. ಇಲ್ಲಿಯೂ ಸೇತುವೆ ತೆರೆಯುತ್ತದೆ, ಆದರೆ ಯಾರೂ ಬೆವರುತ್ತಾ ಕೂರಬೇಕಿಲ್ಲ. ಅಷ್ಟು ಹೊತ್ತು ದಾಟಿಸಲು ಪುಕ್ಕಟೆ ಫೆರಿ ಇದೆ.

ಆಚೆ ದಡದ ಪುಂಡಾದಲ್ಲಿ ಬಣ್ಣಬಣ್ಣದ ಡಚ್ ಕಟ್ಟಡಗಳ ಮುಂದೆ ಎಲ್ಲರೂ ಫೋಟೋ ತೆಗೆಸಿಕೊಳ್ಳುತ್ತಾರೆ. ನೀವೂ ತೆಗೆಸಿಕೊಳ್ಳಿ, ಆಮೇಲೆ ಸೀದಾ ಪ್ಲಾಸಾ ಬಿಯೂಗೆ ಹೋಗಿ. ಹಳೇ ಮಾರ್ಕೆಟ್ಟಿನ ದೊಡ್ಡ ಸೂರು. ಕೆಳಗೆ ಸಾಲಾಗಿ ಅಡುಗೆಮನೆಗಳು, ಒಂದೊಂದರಲ್ಲೂ ದೊಡ್ಡ ದೊಡ್ಡ ಪಾತ್ರೆ, ಹಿಂದೆ ಸೌಟು ಹಿಡಿದು ನಿಂತ ಹೆಂಗಸರು. ಉದ್ದನೆಯ ಟೇಬಲ್‌ಗಳಲ್ಲಿ ಆಫೀಸಿನವರು, ಕೂಲಿಯವರು, ನಮ್ಮಂಥವರು ಎಲ್ಲ ಒಟ್ಟಿಗೆ. ಜಾಗ ಮಾಡಿಕೊಂಡು ಕೂರಬೇಕು, ಯಾರೂ ಮುಖ ಸಿಂಡರಿಸುವುದಿಲ್ಲ. ನಾನು ತಿಂದದ್ದು ಕಬ್ರಿತು ಸ್ತೋಬಾ, ಅಂದರೆ ಮೂಳೆಯಿಂದ ಬಿಟ್ಟುಬರುವಷ್ಟು ಬೆಂದ ಮೇಕೆ ಮಾಂಸದ ಗಟ್ಟಿ ಸಾರು. ಜೊತೆಗೆ ಫುಂಚಿ, ಥೇಟ್ ಮುದ್ದೆಯೇ, ಹಿಟ್ಟು ಮಾತ್ರ ಮೆಕ್ಕೆಜೋಳದ್ದು. ಸಾರಿಗೆ ಅದ್ದಿ ಕೈಯಲ್ಲೇ ತಿಂದೆ. ಎದುರಿಗಿದ್ದ ಅಜ್ಜ ನೋಡಿ ನಕ್ಕ, ಅಷ್ಟೆ. ಸಸ್ಯಾಹಾರಿಯಾದ ನನ್ನ ಹೆಂಡತಿಗೆ ಅದೇ ಮೆಕ್ಕೆಜೋಳದ ಹಿಟ್ಟಿಗೆ ಅಲಸಂದೆ ಕಾಳು ಸೇರಿಸಿ ಮಾಡಿದ ತುತು, ಕರಿದ ಬಾಳೆಹಣ್ಣು ಸಿಕ್ಕಿತು. ಬೆಂಡೆಕಾಯಿ ಸಾರು ಅಂತ ಕಂಡರೆ ಸಸ್ಯಾಹಾರಿಗಳು ಮರುಳಾಗಬೇಡಿ, ಒಳಗೆ ಮೀನೂ ಉಪ್ಪು ಮಾಂಸವೂ ಇರುತ್ತವೆ. ಮಧ್ಯಾಹ್ನದ ಊಟ ಮಾತ್ರ, ತಡ ಮಾಡಿದರೆ ಪಾತ್ರೆ ಖಾಲಿ. ಡಾಲರ್ ನಡೆಯುತ್ತದೆ, ಚಿಲ್ಲರೆ ನೋಟು ಇಟ್ಟುಕೊಳ್ಳಿ. ಹೊಟ್ಟೆ ತುಂಬಿದ ಮೇಲೆ ಹತ್ತಿರದಲ್ಲೇ 1732ರ ಯಹೂದಿ ಮಂದಿರವಿದೆ. ಒಳಗೆ ನೆಲಕ್ಕೆ ಹಾಸುಗಲ್ಲಿಲ್ಲ, ಮರಳು ಹರಡಿದ್ದಾರೆ.

ಪೋರ್ಟೊ ರಿಕೊ ದ್ವೀಪದ ಸಾನ್ ಹುವಾನ್‌ನಲ್ಲಿ ಹಡಗು ಹಳೇ ಊರಿನ ಬುಡದಲ್ಲೇ ನಿಲ್ಲುತ್ತದೆ. ಎಲ್ ಮೊರೋ, ಸಾನ್ ಕ್ರಿಸ್ಟೋಬಲ್ ಎರಡೂ ಕೋಟೆಗಳು ನಡೆಯುವ ದೂರ, ಒಂದೇ ಟಿಕೆಟ್ ಸಾಕು. ಏರು ದಾರಿ, ನುಣುಪು ಕಲ್ಲಿನ ಬೀದಿ, ಮಳೆ ಬಿದ್ದರೆ ಜಾರುತ್ತದೆ. ನಾಲ್ಕೈದು ಹಡಗು ಒಟ್ಟಿಗೆ ಬಂದ ದಿನ ನನಗಂತೂ ಅಲ್ಲಿ ಉಸಿರುಕಟ್ಟಿತು. ಜಾತ್ರೆ ಇಷ್ಟಪಡುವವರಿಗೆ ತೊಂದರೆಯಿಲ್ಲ.

ಒಂದು ಎಚ್ಚರಿಕೆ. ಹಡಗಿನವರ ಟೂರ್ ತಡವಾದರೆ ಹಡಗು ಕಾಯುತ್ತದೆ, ನೀವಾಗಿ ಹೋಗಿ ತಡವಾದರೆ ಕಾಯುವುದಿಲ್ಲ. ಈ ದ್ವೀಪಗಳ ಸಮಯ ಚಳಿಗಾಲದಲ್ಲಿ ಮಯಾಮಿಗಿಂತ ಒಂದು ಗಂಟೆ ಮುಂದೆ. ಫೋನ್ ತಾನಾಗಿ ಗಂಟೆ ಬದಲಿಸಿಕೊಳ್ಳುತ್ತದೆ, ಹಡಗು ಬದಲಿಸದೆಯೂ ಇರಬಹುದು. ಹಡಗಿನ ಗಡಿಯಾರಕ್ಕೆ ಹೊಂದಿಸಿದ ಕೈಗಡಿಯಾರ ಕಟ್ಟಿಕೊಂಡು ಇಳಿಯಿರಿ. ಭಾರತದ ಪಾಸ್‌ಪೋರ್ಟ್ ಇದ್ದವರು ಅಮೆರಿಕದಿಂದ ಹಡಗು ಹತ್ತುವುದಾದರೆ ಮರಳಿ ಒಳಬರಲು ಮಲ್ಟಿಪಲ್ ಎಂಟ್ರಿ ವೀಸಾ ಬೇಕೇ ಬೇಕು.

ಬಾರ್ಬಡೋಸ್ ಬಂದರೆ ಕ್ರಿಕೆಟ್ ಹುಚ್ಚಿನವರು ಮೊದಲು ಕೆನ್ಸಿಂಗ್ಟನ್ ಓವಲ್‌ಗೆ ಹೋಗಿ. ಬಂದರಿನಿಂದ ದೂರವೇನಿಲ್ಲ, ಹೊರಗೆ ಸೋಬರ್ಸ್ ಪ್ರತಿಮೆ ಇದೆ. 2007ರ ವಿಶ್ವಕಪ್‌ನಲ್ಲಿ ದ್ರಾವಿಡ್ ನಾಯಕತ್ವದ ತಂಡ ಮೊದಲ ಸುತ್ತಿನಲ್ಲೇ ಮನೆಗೆ ಹೋದದ್ದು ಪಕ್ಕದ ಟ್ರಿನಿಡಾಡ್‌ನಲ್ಲಿ. 2024ರ ಜೂನ್ 29ರಂದು ಅವರೇ ಕೋಚ್ ಆಗಿ ಟಿ20 ಕಪ್ ಎತ್ತಿದ್ದು ಇದೇ ಮೈದಾನದಲ್ಲಿ. ಅಲ್ಲಿಂದ ಬ್ರಿಜ್‌ಟೌನ್ ಪೇಟೆಗೆ ನಡೆದು, ಆಲೂ ಕಡಲೆ ತುಂಬಿದ ರೊಟ್ಟಿ ಕೊಂಡುಕೊಂಡು ಕಾರ್ಲೈಲ್ ಬೇ ಕಡೆ ಹೋಗಿ. ಬಂದರಿನಿಂದ ದಡದವರೆಗೆ ಸುಮಾರು ಮೂರು ಕಿಲೋಮೀಟರ್, ಬಿಸಿಲಿಗೆ ಟೋಪಿ ಬೇಕು. ಟೋಪಿಯಾಗಲಿ, ಮಕ್ಕಳ ಚಡ್ಡಿಯಾಗಲಿ ಮಿಲಿಟರಿ ಸಮವಸ್ತ್ರದ ಮಚ್ಚೆಮಚ್ಚೆ ವಿನ್ಯಾಸದ್ದಾದರೆ (ಕ್ಯಾಮಫ್ಲಾಜ್) ಹಡಗಿನಲ್ಲೇ ಬಿಟ್ಟಿಳಿಯಿರಿ. ಬಾರ್ಬಡೋಸ್‌ನಲ್ಲಿ ಸಾಮಾನ್ಯ ಜನ ಅದನ್ನು ತೊಡುವುದು ಕಾನೂನಿಗೆ ವಿರುದ್ಧ.