ಕ್ಲೌಡ್‌ಫ್ಲೇರ್ ಬಿದ್ದಾಗ ನಿಮ್ಮ ಸೈಟ್‌ಗೆ ಹೊರದಾರಿ ಇದೆಯೇ?

2025ರ ಡಿಸೆಂಬರ್ 5ರ ಮಧ್ಯಾಹ್ನ 2.17ರಿಂದ ಸುಮಾರು 25 ನಿಮಿಷ, ಸೈಟ್‌ಗಳ ಮುಂದೆ ನಿಂತು ಅವುಗಳ ದಟ್ಟಣೆ ಸಾಗಿಸುವ, ದಾಳಿ ತಡೆಯುವ ಕ್ಲೌಡ್‌ಫ್ಲೇರ್ ಜಾಲದ ಮೂಲಕ ಹಾಯುವ ವೆಬ್ ದಟ್ಟಣೆಯ ಶೇ 28ರಷ್ಟು ಕೈಕೊಟ್ಟಿತು. ಷೇರುಪೇಟೆ ಇನ್ನೂ ನಡೆಯುತ್ತಿದ್ದ ಹೊತ್ತು. ಷೇರು ವಹಿವಾಟಿನ ಬೆಂಗಳೂರಿನ ಕಂಪನಿಗಳಾದ ಝೀರೋಧಾ, ಗ್ರೋ ಎರಡಕ್ಕೂ ಪೆಟ್ಟು ಬಿತ್ತು. ಕೆಟ್ಟದ್ದು ಅವರ ಸರ್ವರ್‌ಗಳಲ್ಲ, ಗ್ರಾಹಕರಿಗೂ ಸರ್ವರ್‌ಗೂ ನಡುವೆ ಕೂತಿರುವ ಜಾಲ. ಝೀರೋಧಾ ವಾಟ್ಸ್ಆ್ಯಪ್ ಮೂಲಕ ವಹಿವಾಟು ನಿಭಾಯಿಸುವ ಬದಲಿ ದಾರಿಯನ್ನು ಮೊದಲೇ ಇಟ್ಟುಕೊಂಡಿತ್ತು, ಅದನ್ನೇ ಬಳಸಿ ಎಂದು ಗ್ರಾಹಕರಿಗೆ ಹೇಳಿತು. ಸಣ್ಣ ಸೈಟ್ ನಡೆಸುವವರಲ್ಲಿ ಇಂಥ ದಾರಿ ಇಟ್ಟುಕೊಂಡವರು ಕಡಿಮೆ.

ಅದಕ್ಕೂ ಮೊದಲಿನ ನವೆಂಬರ್ 18ರ ಘಟನೆಯನ್ನು ಸ್ವಲ್ಪ ಬಿಡಿಸಿ ನೋಡಬೇಕು. ಬಾಟ್‌ಗಳನ್ನು, ಅಂದರೆ ಮನುಷ್ಯರಂತೆ ಸೈಟ್‌ಗೆ ಬರುವ ತಂತ್ರಾಂಶಗಳನ್ನು ಗುರುತಿಸಲು ಕ್ಲೌಡ್‌ಫ್ಲೇರ್ ಬಳಸುವ ಫೈಲ್ ಒಂದು 5 ನಿಮಿಷಕ್ಕೊಮ್ಮೆ ಹೊಸದಾಗಿ ತಯಾರಾಗಿ ಜಗತ್ತಿನ ಎಲ್ಲ ಕಡೆಯ ಯಂತ್ರಗಳಿಗೆ ಹೋಗುತ್ತದೆ. ಆ ದಿನ ಡೇಟಾಬೇಸ್ ಅನುಮತಿಗಳನ್ನು ಬದಲಿಸಿದ್ದರಿಂದ ಫೈಲ್ ಕಟ್ಟಲು ಡೇಟಾಬೇಸ್‌ಗೆ ಕೇಳುವ ಪ್ರಶ್ನೆಗೆ (ಕ್ವೆರಿ) ಒಂದೇ ಕಾಲಂ ಮತ್ತೆ ಮತ್ತೆ ಸಿಕ್ಕಿತು. ಯಾವ ಡೇಟಾಬೇಸ್‌ನಿಂದ ಎಂಬ ಷರತ್ತೇ ಕ್ವೆರಿಯಲ್ಲಿ ಇರಲಿಲ್ಲ. ಫೈಲ್ ಉಬ್ಬಿ, ದಟ್ಟಣೆಯನ್ನು ನಡುವೆ ನಿಂತು ದಾಟಿಸುವ ಪ್ರಾಕ್ಸಿ ತಂತ್ರಾಂಶದಲ್ಲಿದ್ದ 200 ಫೀಚರ್‌ಗಳ (ಬಾಟ್ ಗುರುತಿಸುವ ಲಕ್ಷಣಗಳ) ಮಿತಿ ದಾಟಿತು. ಹಳೆಯ ಫೈಲನ್ನೇ ಇಟ್ಟುಕೊಂಡು ಮುಂದುವರಿಯುವ ಬದಲು ಪ್ರಾಕ್ಸಿ ಅಲ್ಲೇ ಕುಸಿಯಿತು. ಡೇಟಾಬೇಸ್‌ನ ಬದಲಾವಣೆ ಹಂತಹಂತವಾಗಿ ನಡೆಯುತ್ತಿದ್ದುದರಿಂದ ಒಮ್ಮೆ ಒಳ್ಳೆಯ ಫೈಲ್, ಇನ್ನೊಮ್ಮೆ ಕೆಟ್ಟದ್ದು ಹೊರಡುತ್ತಿತ್ತು. ಜಾಲ ಏಳುವುದು ಬೀಳುವುದು ನೋಡಿ ಅಲ್ಲಿನವರು ಮೊದಲು ದಾಳಿಯೆಂದೇ ಶಂಕಿಸಿದರು. ನಮ್ಮ ಸಮಯ ಸಂಜೆ 5ರ ಸುಮಾರಿಗೆ ಶುರುವಾದ ತೊಂದರೆ ಬಹುಪಾಲು ಸರಿಹೋದದ್ದು ರಾತ್ರಿ 8ಕ್ಕೆ. ಎಕ್ಸ್, ಚಾಟ್‌ಜಿಪಿಟಿ ಮಾತ್ರವಲ್ಲ, ಯಾವ ಸೈಟ್ ಬಿದ್ದಿದೆ ಎಂದು ತೋರಿಸುವ ಡೌನ್‌ಡಿಟೆಕ್ಟರ್ ಕೂಡ ಸಿಕ್ಕಿಬಿತ್ತು.

ಸೈಟ್ ಮಾಲೀಕರು ಗಮನಿಸಬೇಕಾದ ಸಂಗತಿ ಬೇರೆಯೇ ಇದೆ. ಆವತ್ತು ಕ್ಲೌಡ್‌ಫ್ಲೇರ್‌ನ ಡ್ಯಾಶ್‌ಬೋರ್ಡ್‌ಗೆ ಲಾಗಿನ್ ಆಗಲು ಬಹಳ ಜನರಿಗೆ ಆಗಲೇ ಇಲ್ಲ, ಯಾಕೆಂದರೆ ಬಂದವರು ಮನುಷ್ಯರೇ ಎಂದು ನೋಡುವ, ಲಾಗಿನ್ ಪುಟದ ಟರ್ನ್‌ಸ್ಟೈಲ್ ಪರೀಕ್ಷೆಯೂ ಅದೇ ಜಾಲದಲ್ಲಿತ್ತು. ಹಾಗಾಗಿ ಎಪಿಐ ಟೋಕನ್ ಒಂದನ್ನು, ಅಂದರೆ ಡ್ಯಾಶ್‌ಬೋರ್ಡ್ ಇಲ್ಲದೆ ಸ್ಕ್ರಿಪ್ಟ್‌ನಿಂದಲೇ ಆದೇಶ ಕೊಡಲು ಬೇಕಾದ ಕೀಲಿಯನ್ನು, ಈಗಲೇ ಮಾಡಿಡಿ. ಡಿಎನ್‌ಎಸ್ (ಸೈಟ್‌ನ ಹೆಸರಿಗೆ ಐಪಿ ವಿಳಾಸ ತಿಳಿಸುವ ವ್ಯವಸ್ಥೆ) ತಿದ್ದುವ ಅನುಮತಿ ಬಿಟ್ಟು ಬೇರೇನೂ ಅದಕ್ಕೆ ಬೇಡ. ನಿಮ್ಮ ಡೊಮೈನ್ ಮತ್ತು ಅದರ ವಿಳಾಸ ನಮೂದುಗಳನ್ನು ಗುರುತಿಸುವ ಝೋನ್ ಐಡಿ, ರೆಕಾರ್ಡ್ ಐಡಿಗಳ ಜತೆ ಕಿತ್ತಳೆ ಮೋಡವನ್ನು ಬೂದು ಮಾಡುವ, ಅಂದರೆ ಪ್ರಾಕ್ಸಿಯನ್ನು ಆಫ್ ಮಾಡುವ ಸ್ಕ್ರಿಪ್ಟನ್ನೂ ನಿಮ್ಮ ಕಂಪ್ಯೂಟರಿನಲ್ಲೇ ಇಡಿ. ಪ್ರಾಕ್ಸಿಯಲ್ಲಿರುವ ರೆಕಾರ್ಡ್‌ಗಳ ಟಿಟಿಎಲ್ (ಹಳೆಯ ವಿಳಾಸವನ್ನು ನೆನಪಿನಲ್ಲಿಡುವ ಅವಧಿ) 300 ಸೆಕೆಂಡ್, ಅಂದರೆ 5 ನಿಮಿಷದ ಆಸುಪಾಸಿನಲ್ಲಿ ಓದುಗರು ನೇರ ನಿಮ್ಮ ಸರ್ವರ್‌ಗೆ ಬರತೊಡಗುತ್ತಾರೆ.

ಬಂದವರಿಗೆ ಪುಟ ಸಿಗದಿರುವ ಸಂಭವವೇ ಹೆಚ್ಚು. ಸುರಕ್ಷಿತ ಸಂಪರ್ಕಕ್ಕೆ (ಎಚ್‌ಟಿಟಿಪಿಎಸ್) ಸರ್ವರ್‌ನಲ್ಲಿರುವುದು ಕ್ಲೌಡ್‌ಫ್ಲೇರ್‌ನ ಒರಿಜಿನ್ ಪ್ರಮಾಣಪತ್ರವಾದರೆ ಅದನ್ನು ನಂಬುವುದು ಕ್ಲೌಡ್‌ಫ್ಲೇರ್ ಒಂದೇ, ಬ್ರೌಸರ್‌ಗಳು ನಂಬುವುದಿಲ್ಲ. ಸುರಕ್ಷಿತ ಸಂಪರ್ಕವನ್ನೇ ಕಡ್ಡಾಯ ಮಾಡುವ ಎಚ್‌ಎಸ್‌ಟಿಎಸ್ ಹಾಕಿದ್ದರೆ ಎಚ್ಚರಿಕೆ ದಾಟಿ ಮುಂದೆ ಹೋಗಲೂ ಬ್ರೌಸರ್ ಬಿಡದು. ಬ್ರೌಸರ್‌ಗಳು ನಂಬುವ, ಉಚಿತವಾದ ಲೆಟ್ಸ್ ಎನ್‌ಕ್ರಿಪ್ಟ್ ಪ್ರಮಾಣಪತ್ರ ಹಾಕಿ, ತಾನಾಗಿಯೇ ನವೀಕರಣಗೊಳ್ಳುವಂತೆ ಮಾಡಿ. ಇನ್ನು ಫೈರ್‌ವಾಲ್: ಸುರಕ್ಷಿತ ಸಂಪರ್ಕ ಬರುವ 443ನೇ ಪೋರ್ಟನ್ನು ಕ್ಲೌಡ್‌ಫ್ಲೇರ್ ಐಪಿಗಳಿಗಷ್ಟೇ ಬಿಟ್ಟಿರುವುದು ಒಳ್ಳೆಯ ಅಭ್ಯಾಸವೇ, ಆದರೆ ಅದನ್ನು ಎಲ್ಲರಿಗೂ ತೆರೆಯುವ ನಿಯಮ ಸಿದ್ಧವಿರಲಿ. ಕ್ಯಾಷ್ (ಪುಟಗಳ ತಾತ್ಕಾಲಿಕ ಪ್ರತಿ) ಇಲ್ಲದ ಪೂರ್ತಿ ಭಾರ ಸರ್ವರ್ ಮೇಲೆ ಬೀಳುವುದರಿಂದ ವೆಬ್ ಸರ್ವರ್ ತಂತ್ರಾಂಶವಾದ ಎನ್‌ಜಿನ್‌ಎಕ್ಸ್‌ನಲ್ಲೇ ಒಂದೆರಡು ನಿಮಿಷದ ಕ್ಯಾಷ್ ಇರಬೇಕು. ಒಮ್ಮೆ ಬೂದು ಮಾಡಿದರೆ ನಿಮ್ಮ ನಿಜವಾದ ಐಪಿ ಬಯಲಾಗುತ್ತದೆ, ಎಲ್ಲ ಮುಗಿದ ಮೇಲೆ ಹೊಸ ಐಪಿ ಪಡೆಯಿರಿ. ಪದೇ ಪದೇ ಡಿಡಾಸ್ ದಾಳಿ (ಅನೇಕ ಕಡೆಯಿಂದ ಒಮ್ಮೆಲೇ ಕೋರಿಕೆ ಸುರಿದು ಸೈಟ್ ಕೆಡಿಸುವುದು) ಎದುರಿಸುವ ಸೈಟ್ ಆದರೆ ಜಾಲ ಸರಿಹೋಗುವ ತನಕ ಕಾಯುವುದೇ ಲೇಸು.

ಡಿಎನ್‌ಎಸ್ ಕೂಡ ಕ್ಲೌಡ್‌ಫ್ಲೇರ್‌ನದ್ದೇ ಆಗಿದ್ದು ಅದೂ ಕೆಟ್ಟರೆ ಈ ಉಪಾಯ ನಡೆಯದು. ಎರಡು ಕಂಪನಿಗಳ ನೇಮ್‌ಸರ್ವರ್ (ಡಿಎನ್‌ಎಸ್ ಉತ್ತರ ಕೊಡುವ ಸರ್ವರ್) ಒಟ್ಟಿಗೆ ಇಡುವ ಸೌಲಭ್ಯ ಕ್ಲೌಡ್‌ಫ್ಲೇರ್‌ನ ಉಚಿತ ಪ್ಲಾನ್‌ನಲ್ಲಿಲ್ಲ. ಡೊಮೈನ್ ಮಾರಿದ ಕಂಪನಿಯಾದ ರಿಜಿಸ್ಟ್ರಾರ್ ಬಳಿ ನೇಮ್‌ಸರ್ವರ್ ಬದಲಿಸಬಹುದು, ಆದರೆ ಡಾಟ್ ಕಾಮ್‌ನಲ್ಲಿ ಹಳೆಯ ವಿಳಾಸ 2 ದಿನದವರೆಗೂ ವಿಳಾಸ ಹುಡುಕಿಕೊಡುವ ರಿಸಾಲ್ವರ್‌ಗಳ ನೆನಪಿನಲ್ಲಿ ಉಳಿಯಬಹುದು. ಡಿಎನ್‌ಎಸ್ ಉತ್ತರಗಳಿಗೆ ಸಹಿ ಹಾಕುವ ಡಿಎನ್‌ಎಸ್‌ಸೆಕ್ ಹಾಕಿದ್ದು, ರಿಜಿಸ್ಟ್ರಾರ್ ಬಳಿ ಇರುವ ಅದರ ಡಿಎಸ್ ರೆಕಾರ್ಡ್ ತೆಗೆಯದೆ ಹೊರಟರೆ ಸಹಿ ತಾಳೆಯಾಗದೆ ಸೈಟ್ ಪೂರ್ತಿ ಮಾಯವಾಗುತ್ತದೆ. ಡೊಮೈನನ್ನೂ ಕ್ಲೌಡ್‌ಫ್ಲೇರ್‌ನಲ್ಲೇ ಕೊಂಡಿದ್ದರಂತೂ ಬೇರೆಯವರ ನೇಮ್‌ಸರ್ವರ್ ಹಾಕಲು ಬಿಡುವುದಿಲ್ಲ. ಡೊಮೈನ್ ಒಂದು ಕಡೆ, ಡಿಎನ್‌ಎಸ್ ಇನ್ನೊಂದು ಕಡೆ ಇರಲಿ ಎಂದು ನಾನು ಒತ್ತಿ ಹೇಳುವುದು ಇದಕ್ಕೇ.

ಅಮೆಜಾನ್ ಕ್ಲೌಡ್‌ನ (ಎಡಬ್ಲ್ಯೂಎಸ್) ಮುಂಬೈ ಕೇಂದ್ರದಲ್ಲಿದ್ದೇವೆ, 2025ರ ಅಕ್ಟೋಬರ್ 20ರಂದು ಅದರ ವರ್ಜೀನಿಯಾ ಕೇಂದ್ರ ಕೆಟ್ಟಂಥದ್ದು ನಮಗೆ ತಟ್ಟದು ಎನ್ನುವವರಿಗೂ ಒಂದು ಮಾತು. ಯಾರಿಗೆ ಯಾವ ಅನುಮತಿ ಎಂದು ನೋಡಿಕೊಳ್ಳುವ ಐಎಎಂ ಮತ್ತು ಅಮೆಜಾನ್‌ನ ಡಿಎನ್‌ಎಸ್ ಸೇವೆಯಾದ ರೂಟ್ 53ರಲ್ಲಿ ಬದಲಾವಣೆ ಮಾಡುವ ನಿಯಂತ್ರಣ ಭಾಗ ಇರುವುದು ಅದೇ ವರ್ಜೀನಿಯಾದಲ್ಲಿ. ಅವಘಡದ ನಡುವೆ ಹೊಸ ರೋಲ್ (ಅನುಮತಿಗಳ ಗುಂಪು) ಮಾಡುವುದು, ರೆಕಾರ್ಡ್ ತಿದ್ದುವುದು ನಿಮ್ಮ ಯೋಜನೆಯಲ್ಲಿ ಇರಕೂಡದು. ಸರ್ವರ್ ನಡೆಯುತ್ತಿದೆಯೇ ಎಂದು ನೋಡುವ ಹೆಲ್ತ್ ಚೆಕ್ ಆಧರಿಸಿ ಬದಲಿ ವಿಳಾಸಕ್ಕೆ ತಾನಾಗಿ ತಿರುಗುವ ರೆಕಾರ್ಡ್‌ಗಳನ್ನು ಮುಂಚೆಯೇ ಬರೆದಿಡಿ.

ಇದನ್ನೆಲ್ಲ ಸೈಟ್ ಮುಟ್ಟದೆಯೇ ಪರೀಕ್ಷಿಸಬಹುದು. ಫೈರ್‌ವಾಲ್‌ನಲ್ಲಿ ನಿಮ್ಮ ಐಪಿಗೆ ಮಾತ್ರ ದಾರಿ ಬಿಡಿ. ಪುಟಗಳನ್ನು ತರಿಸಿ ನೋಡುವ ಕರ್ಲ್ ಕಮಾಂಡ್‌ನ ರಿಸಾಲ್ವ್ (--resolve) ಆಯ್ಕೆಯಲ್ಲಿ ಡೊಮೈನ್‌ಗೆ ಸರ್ವರ್‌ನ ಐಪಿಯನ್ನೇ ಕೊಟ್ಟು ಮುಖಪುಟ ಕೇಳಿ. ಪ್ರಮಾಣಪತ್ರದ ದೋಷ ಬಂದರೆ ಒರಿಜಿನ್ ಪ್ರಮಾಣಪತ್ರ ಇನ್ನೂ ಅಲ್ಲೇ ಇದೆ. ಉತ್ತರವೇ ಬಾರದೆ ನಿಂತರೆ ಫೈರ್‌ವಾಲ್ ನೋಡಿ. ಎಲ್ಲ ಸರಿ ಎಂಬ 200 ಸಂಖ್ಯೆಯ ಉತ್ತರ ಬಂದರೆ ಲಾಗಿನ್, ಚಿತ್ರಗಳು, ಪಾವತಿ ಪುಟ, ಒಂದೊಂದನ್ನೂ ಹೀಗೆಯೇ ಕೇಳಿ ನೋಡಿ.