ಗಾಡಿಯ ಹಿಂಬದಿಯಲ್ಲಿ ಕುಳಿತವನು

ಕಳೆದ ಶನಿವಾರ ಮನೆ ಬದಲಾಯಿಸಿದೆವು. ಜರ್ಮನಿಯ ಕಲೋನ್ ನಗರದ ಹಳೆಯ ಪೇಟೆಯ ಮೂರನೆಯ ಮಹಡಿಯಿಂದ ರೈನ್ ನದಿಯ ಆಚೆದಡದ ಡಾಯ್ಟ್ಸ್‌ಗೆ. ಲಿಫ್ಟ್ ಇಲ್ಲದ ಕಟ್ಟಡ. ರಟ್ಟಿನ ಪೆಟ್ಟಿಗೆಗಳನ್ನು ಇಳಿಸಿ ಸೊಂಟ ಹಿಡಿದುಕೊಂಡು ನಿಂತಿದ್ದಾಗ ಕೆಳಮನೆಯ ಅಜ್ಜಿ, "ಕೋಬೋಲ್ಡ್ ಬರುತ್ತಿದೆ ತಾನೆ?" ಎಂದು ಕೇಳಿದರು. ಇಲ್ಲಿ ಆ ಹೆಸರಿನ ವ್ಯಾಕ್ಯೂಮ್ ಕ್ಲೀನರ್ ಇದೆ, ನಮ್ಮಲ್ಲೂ ಒಂದಿದೆ. "ಹೌದು, ಬಟ್ಟೆ ಸುತ್ತಿ ಪೆಟ್ಟಿಗೆಯಲ್ಲಿ ಹಾಕಿದ್ದೇನೆ" ಎಂದೆ. ಅಜ್ಜಿ ನಕ್ಕ ನಗು ಮೂರೂ ಮಹಡಿಗೆ ಕೇಳಿರಬೇಕು. ಅವರು ಕೇಳಿದ್ದು ಯಂತ್ರವನ್ನಲ್ಲ, ಅದಕ್ಕೆ ಹೆಸರು ಕೊಟ್ಟ ಮನೆಭೂತವನ್ನು.

ಕಲೋನ್‌ನವರಿಗೆ ಮನೆಭೂತವೆಂದರೆ ಹೈನ್ಸೆಲ್‌ಮೆನ್ಶೆನ್. ರಾತ್ರಿ ಬಂದು ಬಡಗಿ, ರೊಟ್ಟಿಯವನು, ಕಟುಕ, ದರ್ಜಿ ಎಲ್ಲರ ಕೆಲಸವನ್ನೂ ಮುಗಿಸಿ ಹೋಗುತ್ತಿದ್ದ ಕುಳ್ಳರು. ದರ್ಜಿಯ ಹೆಂಡತಿ ಅವರನ್ನು ನೋಡಿಯೇ ತೀರಬೇಕೆಂದು ಮೆಟ್ಟಿಲ ಮೇಲೆ ಬಟಾಣಿ ಚೆಲ್ಲಿದಳು. ಜಾರಿ ಬಿದ್ದವರು ಮತ್ತೆ ಬರಲೇ ಇಲ್ಲ. ಆಗುಸ್ಟ್ ಕೋಪಿಶ್ 1836ರಲ್ಲಿ ಇದನ್ನು ಪದ್ಯವಾಗಿಸಿದ. ಅವನು ಹುಟ್ಟಿ ನೂರು ವರ್ಷವಾಯಿತೆಂದು 1899ರಲ್ಲಿ ಕ್ಯಾಥೆಡ್ರಲ್ ಬಳಿ ಕಾರಂಜಿಯನ್ನೇ ಕಟ್ಟಿದರು. ಅದರ ತುದಿಯಲ್ಲಿ ಲಾಟೀನು ಹಿಡಿದು ನಿಂತ ಆ ಹೆಂಗಸನ್ನು ಕಂಡಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ಊರಿಗೆ ಊರೇ ಗೊರಕೆ ಹೊಡೆಯುತ್ತಿತ್ತು. ಎದ್ದು ನೋಡಿದವಳೊಬ್ಬಳ ಮೇಲೆ ಮಾತ್ರ ಅಪವಾದ.

ಈ ಕುಳ್ಳರು ಬಿಟ್ಟಿ ದುಡಿದವರು. ಹಳೆಯ ಕೋಬೋಲ್ಡ್‌ಗಳು ಹಾಗಲ್ಲ, ಕರಾರಿಲ್ಲದೆ ಕಡ್ಡಿ ಎತ್ತುವುದಿಲ್ಲ. ಗ್ರಿಮ್ ಸಹೋದರರು 1816ರಲ್ಲಿ ಪ್ರಕಟಿಸಿದ ದಂತಕಥೆಗಳಲ್ಲಿ ಅದರ ವಿವರ ಇದೆ. ಮನೆಗೆ ಬರುವ ಮೊದಲು ಅದು ಪರೀಕ್ಷೆ ಒಡ್ಡುತ್ತದೆ: ರಾತ್ರಿ ಮರದ ಚೂರು ತಂದು ಸುರಿಯುತ್ತದೆ, ಹಾಲಿನ ಪಾತ್ರೆಗೆ ಸಗಣಿ ಹಾಕುತ್ತದೆ. ಯಜಮಾನ ಆ ಚೂರನ್ನು ಚದುರಿಸದೆ, ಆ ಹಾಲನ್ನೇ ಕುಡಿದರೆ ಅದು ಅಲ್ಲಿಯೇ ನೆಲೆಸುತ್ತದೆ. (ಯಜಮಾನ ಕುಡಿದ ಮೇಲೆ ಪಾತ್ರೆ ತೊಳೆದವರು ಯಾರೆಂದು ಕಥೆ ಹೇಳುವುದಿಲ್ಲ. ನನಗೆ ಗೊತ್ತಿದೆ.) ನಂತರದ ವ್ಯವಹಾರವೆಲ್ಲ ಅಡುಗೆಯವಳೊಂದಿಗೆ. ದಿನವೂ ಸಂಜೆ ಅಡುಗೆಮನೆಯ ಗೊತ್ತಾದ ಜಾಗದಲ್ಲಿ ಒಂದು ಬಟ್ಟಲು ಒಳ್ಳೆಯ ಊಟ ಇಟ್ಟು ಸುಮ್ಮನೆ ಹೋಗಬೇಕು. ಒಂದು ದಿನ ಮರೆತರೆ ಕೈ ಸುಡುತ್ತದೆ, ಮಡಕೆ ಒಡೆಯುತ್ತದೆ, ಸಾರು ಚೆಲ್ಲುತ್ತದೆ, ಮೂಲೆಯಲ್ಲಿ ಯಾರೋ ಕಿಸಕ್ಕನೆ ನಗುತ್ತಾರೆ.

ಲ್ಯೂನೆಬುರ್ಗ್ ಬಯಲಿನ ಹುಡೆಮ್ಯೂಲೆನ್ ಕೋಟೆಯಲ್ಲಿ 1584ರಿಂದ 1588ರವರೆಗೆ ಇದ್ದನೆನ್ನಲಾದ ಹಿನ್ಸೆಲ್‌ಮಾನ್ ಎಂಬ ಕೋಬೋಲ್ಡ್‌ಗೆ ಪ್ರತ್ಯೇಕ ಕೋಣೆಯೇ ಇತ್ತು. ಹುಲ್ಲಿನಲ್ಲಿ ಹೆಣೆದ ಪುಟ್ಟ ಕುರ್ಚಿ, ದುಂಡು ಮೇಜು, ಹಾಸಿಗೆ. ಹಾಸಿಗೆಯಲ್ಲಿ ಬೆಕ್ಕು ಮಲಗಿ ಎದ್ದಂಥ ಸಣ್ಣ ತಗ್ಗು ಬಿಟ್ಟರೆ ಬೇರೆ ಗುರುತಿಲ್ಲ. ದಿನವೂ ಒಂದು ಬಟ್ಟಲು ಸಿಹಿ ಹಾಲು, ಅದರಲ್ಲಿ ಬಿಳಿ ರೊಟ್ಟಿಯ ಚೂರು. ಬಟ್ಟಲು ನೆಕ್ಕಿ ಖಾಲಿಯಾಗಿರುತ್ತಿತ್ತು. ಅವನ ಕಾಟ ತಾಳದೆ ಕೋಟೆಯ ಒಡೆಯ ಹ್ಯಾನೋವರ್‌ಗೆ ಹೊರಟರೆ ಬಿಳಿ ಗರಿಯೊಂದು ಗಾಡಿಯ ಪಕ್ಕದಲ್ಲಿಯೇ ಹಾರುತ್ತ ಬಂತಂತೆ.

ಇಲ್ಲಿಯವರೆಗೆ ಮುದ್ದಾಗಿದೆ. ಆದರೆ ಹಿಲ್ಡೆಸ್‌ಹೈಮ್‌ನ ಬಿಷಪ್‌ರ ಅಡುಗೆಮನೆಯಲ್ಲಿದ್ದ ಹ್ಯೋಡೆಕಿನ್ ಎಂಬ ಕೋಬೋಲ್ಡ್, ತನ್ನ ಮೇಲೆ ಕೊಳಕು ನೀರು ಎರಚಿದ ಹುಡುಗನ ಕತ್ತು ಹಿಸುಕಿ, ಕತ್ತರಿಸಿ, ಬೇಯಲು ಇಟ್ಟ. ಇನ್ನೊಂದು ಕಥೆಯ ಕೆಲಸದಾಕೆ, ನಿನ್ನನ್ನೊಮ್ಮೆ ನೋಡಬೇಕೆಂದು ತನ್ನ ಕೋಬೋಲ್ಡ್‌ಅನ್ನು ಪೀಡಿಸುತ್ತಾಳೆ. ತಣ್ಣೀರಿನ ಬಕೆಟ್ ತಾ ಎನ್ನುತ್ತದೆ ಅದು. ಹೋಗಿ ನೋಡಿದರೆ ಬತ್ತಲೆ ಮಗು, ಬೆನ್ನಲ್ಲಿ ನೆಟ್ಟ ಕತ್ತಿ. ಬಕೆಟ್ ಯಾಕೆಂದರೆ, ಮೂರ್ಛೆ ಹೋದವಳ ಮೇಲೆ ಸುರಿಯಲು. ಆ ಮನೆಯಲ್ಲಿಯೇ ಕೊಲೆಯಾದವರು ಹೀಗೆ ಉಳಿದುಕೊಳ್ಳುತ್ತಾರೆಂದು ಹಿಂದಿನವರು ನಂಬಿದ್ದರು. ಇದನ್ನು ಓದಿದ ಮೇಲೆ ಆ ಸಂಜೆಯ ಬಟ್ಟಲು ನನಗೆ ಕೂಲಿಯಂತೆ ಕಾಣುವುದಿಲ್ಲ. ನಮ್ಮಲ್ಲಿ ಹಿರಿಯರಿಗೆ ಎಡೆ ಇಟ್ಟು, ಬಾಗಿಲು ಎಳೆದುಕೊಂಡು ಹೊರಗೆ ನಿಲ್ಲುತ್ತಿದ್ದುದು ನೆನಪಾಗುತ್ತದೆ. ಇಣುಕಿದರೆ ಅಮ್ಮ ಕಿವಿ ಹಿಂಡುತ್ತಿದ್ದಳು.

ಅಜ್ಜಿ ಶನಿವಾರ ಹೇಳಿದ್ದು ಬೇರೆ ಕಥೆ. ಕೋಬೋಲ್ಡ್‌ನಿಂದ ಬೇಸತ್ತ ರೈತನೊಬ್ಬ ಸಾಮಾನನ್ನೆಲ್ಲ ಗಾಡಿಗೆ ತುಂಬಿ, ಅದು ಸುಟ್ಟು ಹೋಗಲೆಂದು ಕಣಜಕ್ಕೆ ಬೆಂಕಿ ಹಚ್ಚಿ ಹೊರಟ. ಸ್ವಲ್ಪ ದೂರ ಹೋಗಿ ತಿರುಗಿ ನೋಡಿದರೆ ಗಾಡಿಯ ಹಿಂಬದಿಯಲ್ಲಿ ಅದು ಕುಳಿತಿದೆ. "ಸದ್ಯ, ಹೊತ್ತಿಗೆ ಸರಿಯಾಗಿ ಹೊರಟೆವು!" ಎಂದಿತಂತೆ.

ನಮ್ಮ ಲಾರಿ ಸೇತುವೆ ದಾಟುವಾಗ ನಾನು ಕನ್ನಡಿಯಲ್ಲಿ ಎರಡು ಸಲ ನೋಡಿದೆ. ಹೊಸ ಮನೆಯಲ್ಲಿ ಹಾಲು ಉಕ್ಕಿಸಿದೆವು. ಉಳಿದ ಹಾಲಿಗೆ ಎರಡು ಚಮಚ ಸಕ್ಕರೆ, ಬ್ರೆಡ್ಡಿನ ಚೂರು ಹಾಕಿ ಒಲೆಯ ಪಕ್ಕದಲ್ಲಿಟ್ಟು ಮಲಗಿದೆ. ಬೆಳಿಗ್ಗೆ ಕೆನೆ ಕಟ್ಟಿಕೊಂಡು ಹಾಗೆಯೇ ಇತ್ತು.

ಅಜ್ಜಿಗೆ ಫೋನ್ ಮಾಡಿದೆ. "ಸಕ್ಕರೆಯೇ?" ಎಂದು ಮತ್ತೆ ಅದೇ ನಗು. ಹಳೆಯ ಜರ್ಮನ್‌ನಲ್ಲಿ ಸಿಹಿ ಹಾಲು ಎಂದರೆ ಹುಳಿಯಾಗದ ಹಾಲು, ಅಷ್ಟೇ.