ಹೂಮಳೆಗೆ ಮೊದಲು ಗಿಡದ ಬುಡದಲ್ಲಿ

ಶಿವರಾತ್ರಿಗೆ ಇನ್ನೊಂದು ವಾರವಿತ್ತು. ಮಡಿಕೇರಿಯ ಹತ್ತಿರದ ಹೋಮ್‌ಸ್ಟೇ ಒಂದರಲ್ಲಿ ಹೂತೋಟ ನೋಡಿಕೊಳ್ಳುವ ಕೆಲಸಕ್ಕೆ ಸೇರಿ ನನಗೆ ಆಗ ಎರಡನೇ ವರ್ಷ. ಅಂಗಳದ ಅಂಚಿಗೆ ಸಾಲಾಗಿ ನೆಟ್ಟಿದ್ದ 40 ಅಜೇಲಿಯಾ ಹೂಗಿಡಗಳು ಒಂದೊಂದಾಗಿ ಬಾಡತೊಡಗಿದ್ದವು. ಗಿಡದ ಪಕ್ಕದ ಮಣ್ಣಿಗೆ ಬೆರಳು ಇಳಿಸಿ ನೋಡಿದೆ. ತಣ್ಣಗೆ, ತೇವವಾಗಿತ್ತು. ನೀರು ಹೆಚ್ಚಾಗಿ ಬೇರು ಕೊಳೆಯುತ್ತಿದೆ ಎಂದುಕೊಂಡು ನೀರು ಬಿಡುವುದನ್ನೇ ನಿಲ್ಲಿಸಿಬಿಟ್ಟೆ. ವಾರದೊಳಗೆ ಒಂಬತ್ತು ಗಿಡಗಳು ಸತ್ತವು.

ಕಾರಣ ತೋರಿಸಿಕೊಟ್ಟವರು ನಮ್ಮಲ್ಲಿ ಕಳೆ ತೆಗೆಯಲು ಬರುತ್ತಿದ್ದ ಹಿರಿಯ ಹೆಂಗಸು. ನಾವೆಲ್ಲ ಅವರನ್ನು ಅಕ್ಕ ಎಂದೇ ಕರೆಯುತ್ತೇವೆ. ಎಷ್ಟೋ ವರ್ಷ ಕಾಫಿ ನರ್ಸರಿಯಲ್ಲಿ ಸಸಿಯ ಚೀಲ ತುಂಬಿದ ಕೈ ಅವರದು. "ಮೇಸ್ತ್ರಿಗಳೇ, ಪಕ್ಕದ ಮಣ್ಣು ಮುಟ್ಟಿದರೆ ಗಿಡದ ಬಾಯಾರಿಕೆ ಹೇಗೆ ಗೊತ್ತಾಗುತ್ತದೆ?" ಎಂದು ಕೇಳಿ, ಬಾಡಿದ ಒಂದು ಗಿಡವನ್ನು ಬುಡದಲ್ಲಿ ಹಿಡಿದು ಮೆಲ್ಲಗೆ ಎತ್ತಿದರು. ಅದು ಪಾತಿಯಿಂದ ಬೇರುಮುದ್ದೆಯ ಸಮೇತ ಎದ್ದು ಬಂತು. ನೆಟ್ಟು ಮೂರು ತಿಂಗಳಾಗಿದ್ದರೂ ಮುದ್ದೆ ಇನ್ನೂ ನರ್ಸರಿಯ ಪ್ಲಾಸ್ಟಿಕ್ ಚೀಲದ ಆಕಾರದಲ್ಲೇ ಇತ್ತು, ತಳದ ಮಡಿಕೆ ಕೂಡ ಅಳಿಸಿರಲಿಲ್ಲ. ಹೊರಗಡೆ ನಮ್ಮ ಕೆಂಪು ಮಣ್ಣು ಒದ್ದೆಯಾಗಿ ಅಂಟಿತ್ತು. ಅಕ್ಕ ಅದನ್ನು ಎರಡು ಹೋಳು ಮಾಡಿದಾಗ ಒಳಗಿನ ತೆಂಗಿನ ನಾರಿನ ಪುಡಿ ಹುರಿದ ರವೆಯ ಹಾಗೆ ಉದುರಿತು. ಕೂದಲಿನಂತಹ ಬೇರುಗಳು ಆ ಒಣ ಪುಡಿಯೊಳಗೇ ಸುತ್ತು ಹೊಡೆದು ಕಂದಾಗಿದ್ದವು.

ಬೇರು ಬಿಗಿಯಾಗಿ ಸುತ್ತಿಕೊಂಡ ಇಂಥ ಮುದ್ದೆ ಒಮ್ಮೆ ಪೂರ್ತಿ ಒಣಗಿದರೆ ಮತ್ತೆ ಸುಲಭವಾಗಿ ನೀರು ಹೀರುವುದಿಲ್ಲ. ಮೇಲಿನಿಂದ ಸುರಿದ ನೀರು ಮುದ್ದೆಯ ಪಕ್ಕದಲ್ಲಿ ಜಾರಿ ಸುತ್ತಲಿನ ಮಣ್ಣಿಗೆ ಇಳಿದುಹೋಗುತ್ತದೆ. ಅಜೇಲಿಯಾದ ಬೇರು ಮೊದಲೇ ಸಣ್ಣದು, ಮೇಲ್ಮಟ್ಟದಲ್ಲೇ ಹರಡುವಂಥದ್ದು. ಹೊರಗಿನ ಮಣ್ಣಿಗೆ ಬೇರು ಬಿಡುವ ತನಕ ಆ ಮುದ್ದೆಯ ತೇವವೇ ಅದಕ್ಕೆ ಗತಿ. ನಮ್ಮಲ್ಲಿ ಗಿಡ ನೆಡುವುದು ಮುಂಗಾರಿಗೆ. ಮಳೆಗಾಲ ಕಳೆಯುವಷ್ಟರಲ್ಲಿ ಬೇರು ಹರಡಿ, ಬೇಸಿಗೆ ತಡೆಯುವ ಶಕ್ತಿ ಬಂದಿರುತ್ತದೆ. ಆ ಸಲ ಡಿಸೆಂಬರ್‌ನ ಅತಿಥಿಗಳಿಗಾಗಿ ಅಂಗಳ ಅಂದವಾಗಿ ಕಾಣಬೇಕೆಂದು ನವೆಂಬರ್‌ನಲ್ಲಿ ನೆಟ್ಟಿದ್ದೆವು. ನಾನು ಬೇಡವೆನ್ನಬೇಕಿತ್ತು, ಹೇಳಲಿಲ್ಲ. ಚೀಲ ಹರಿದಾಗ ಸುತ್ತಿಕೊಂಡ ಬೇರನ್ನು ಬಿಡಿಸಿಯೂ ಇರಲಿಲ್ಲ.

ಉಳಿದ 31 ಗಿಡಗಳನ್ನು ಅಂದೇ ಸಂಜೆ ಎತ್ತಿದೆವು. ಒಂದೊಂದನ್ನೇ ನೀರು ತುಂಬಿದ ಬಕೆಟ್‌ನಲ್ಲಿ ಮುಳುಗಿಸಿ ಹಿಡಿದರೆ ಮುದ್ದೆಯಿಂದ ಗುಳ್ಳೆಗಳು ಏಳುತ್ತಿದ್ದವು. ಗುಳ್ಳೆ ನಿಂತ ಮೇಲೆ ಹೊರಗೆ ತೆಗೆದು, ಬೆರಳಿನಿಂದ ಬೇರು ಸಡಿಲಿಸಿ, ತರಗೆಲೆ ಕೊಳೆತ ಗೊಬ್ಬರ ಬೆರೆಸಿದ ಮಣ್ಣಿನಲ್ಲಿ ಮತ್ತೆ ನೆಟ್ಟು ನೆರಳು ಬಲೆ ಕಟ್ಟಿದೆವು. 26 ಬದುಕಿದವು. ಅವುಗಳಲ್ಲಿ ಕೆಲವು ಈಗ ನನ್ನ ಎದೆಯೆತ್ತರಕ್ಕಿವೆ.

ಅಂದಿನಿಂದ ಫೆಬ್ರವರಿ ಬಂತೆಂದರೆ ಎಳೆಯ ಗಿಡಗಳ ಹತ್ತಿರ ಮಂಡಿಯೂರಿಯೇ ನೋಡುತ್ತೇನೆ. ಬೆಳಿಗ್ಗೆ ಇಬ್ಬನಿ ಬಿದ್ದಿರುತ್ತದೆ, ಮಧ್ಯಾಹ್ನ ಬಿಸಿಲು ಚುರುಗುಟ್ಟುತ್ತದೆ. ಗಿಡ ಸೊರಗಿದ್ದು ನಿಂತು ನೋಡಿದರೆ ತಿಳಿಯುವುದಿಲ್ಲ. ಮೊದಲು ಬುಡ ಹಿಡಿದು ಸ್ವಲ್ಪ ಅಲುಗಾಡಿಸುತ್ತೇನೆ. ಮಣ್ಣಿನಲ್ಲಿ ಸಡಿಲವಾಗಿ ತೂಗಿದರೆ ಬೇರು ಹೊರಗೆ ಹೋಗಿಲ್ಲ, ಇಲ್ಲವೇ ಗೆದ್ದಲೋ ಗೊಣ್ಣೆ ಹುಳುವೋ ತಿಂದಿದೆ. ಅರೆಬೆಂದ ಸಗಣಿ ಗೊಬ್ಬರ ಹಾಕಿದ ಕಡೆ ಗೊಣ್ಣೆ ಹುಳುವಿನ ಕಾಟ ಹೆಚ್ಚು. ಆಮೇಲೆ ಬೆರಳನ್ನು ಬೇರುಮುದ್ದೆಗೇ ಇಳಿಸಿ ನೋಡುತ್ತೇನೆ. ಬುಡಕ್ಕೆ ಹೊದಿಸಿದ ತರಗೆಲೆ ಕಾಂಡಕ್ಕೆ ಒತ್ತಿಕೊಂಡಿದ್ದರೆ ನಾಲ್ಕು ಬೆರಳಿನಷ್ಟು ಹಿಂದೆ ಸರಿಸುತ್ತೇನೆ, ಇಲ್ಲವಾದರೆ ಅಲ್ಲಿ ತೊಗಟೆ ಕೊಳೆಯುತ್ತದೆ.

ಕಾಂಡದ ಮೇಲೆ ಇರುವೆ ಸಾಲುಗಟ್ಟಿ ಹತ್ತುತ್ತಿದ್ದರೆ ಅದರ ಹಿಂದೆಯೇ ಕಣ್ಣು ಹಾಯಿಸಬೇಕು. ಕೊನೆಗೆ ಹಿಟ್ಟು ತಿಗಣೆಯೋ ಗಿಡಹೇನೋ ಸಿಕ್ಕಿಯೇ ಸಿಗುತ್ತದೆ. ದಾಸವಾಳದಲ್ಲಂತೂ ಇದು ಪ್ರತಿ ವರ್ಷದ ಕಥೆ. ಆರಂಭದಲ್ಲೇ ಕಂಡರೆ ಒದ್ದೆ ಬಟ್ಟೆಯಲ್ಲಿ ಒರೆಸಿದರೂ ಸಾಕು.

ಎಲೆ ಹಳದಿಯಾದರೆ ಎಲ್ಲರೂ ಗೊಬ್ಬರದ ಡಬ್ಬಿ ಹುಡುಕುತ್ತಾರೆ. ಯಾವ ಎಲೆ ಮೊದಲು ಹಳದಿಯಾಯಿತು ಎಂದು ನೋಡುವವರು ಕಡಿಮೆ. ಕೆಳಗಿನ ಹಳೆಯ ಎಲೆ ಪೂರ್ತಿ ಹಳದಿಯಾಗುತ್ತಾ ಬಂದರೆ ಸಾರಜನಕ ಸಾಲದಿರಬಹುದು. ತುದಿಯ ಎಳೆ ಎಲೆ ಹಳದಿಯಾಗಿ ನರ ಮಾತ್ರ ಹಸಿರಾಗಿ ಉಳಿದರೆ ಕಬ್ಬಿಣದ ಅಂಶ ಗಿಡಕ್ಕೆ ಸಿಗುತ್ತಿಲ್ಲ. ನಮ್ಮ ಕಾಂಪೌಂಡ್ ಗೋಡೆಯ ಪಕ್ಕದಲ್ಲಿ ಹೀಗೇ ಆಗಿತ್ತು. ಅಗೆದು ನೋಡಿದರೆ ಗಾರೆ ಕೆಲಸದವರು ಉಳಿದ ಸಿಮೆಂಟನ್ನೂ ಸುಣ್ಣವನ್ನೂ ಅಲ್ಲೇ ಹೂತಿದ್ದರು. ಅದರಿಂದ ಮಣ್ಣಿನ ಹುಳಿ ಕಳೆದು, ಕಬ್ಬಿಣ ಬೇರಿಗೆ ಸಿಗದಾಗಿತ್ತು. ಕೊಡಗಿನ ಹುಳಿ ಮಣ್ಣಿನಲ್ಲಿ ನೀಲಿ ಹೂ ಬಿಡುವ ಹೈಡ್ರಾಂಜಿಯಾ ಆ ಗೋಡೆಯ ಬಳಿ ಗುಲಾಬಿ ಹೂ ಬಿಟ್ಟಿತ್ತು. ಅತಿಥಿಗಳು ಅದರ ಫೋಟೊ ತೆಗೆಯುತ್ತಿದ್ದರು. ಪಕ್ಕದ ಅಜೇಲಿಯಾ ಹಸಿದು ನಿಂತಿತ್ತು.

ಎಲೆ ಉದುರಿಸಿ ಕಡ್ಡಿಯಾಗಿ ನಿಂತ ಗಿಡವನ್ನು ಕಿತ್ತೆಸೆಯುವ ಮುನ್ನ ಉಗುರಿನಿಂದ ತೊಗಟೆ ಕೆರೆದು ನೋಡಿ. ಒಳಗೆ ಹಸಿರು, ಹಸಿ ಇದ್ದರೆ ಜೀವ ಇದೆ. ಕಂದು ಕಂಡರೆ ಇನ್ನಷ್ಟು ಕೆಳಗೆ ಕೆರೆಯಿರಿ. ಹಸಿರು ಸಿಕ್ಕಿದ ಕಡೆ, ಹೊರಮುಖವಾದ ಚಿಗುರುಮೊಗ್ಗಿನ ತುಸು ಮೇಲಕ್ಕೆ ಕತ್ತರಿಸಿ. ಒಣಗಿದ ಬೇರಿಗೆ ಯೂರಿಯಾ ಹಾಕಲೇಬೇಡಿ, ಸುಟ್ಟುಹೋಗುತ್ತದೆ.

ಈ ವರ್ಷ ಮೊದಲ ಮಳೆ ಬಂದದ್ದು ಒಂದು ಸಂಜೆ ಗುಡುಗಿನೊಡನೆ. ಅಳೆದರೆ 20 ಸೆಂಟು. ಕಾಫಿ ಗಿಡ ಹೂ ಬಿಡಿಸುವ ಹೂಮಳೆ ಎನ್ನಲು ಒಂದು ಇಂಚಾದರೂ ಬೇಕು, ಎಂದರೆ 100 ಸೆಂಟು. ಹೊಸ ಹುಡುಗ ಪೈಪು ಸುತ್ತಿಟ್ಟು, "ಮಳೆ ಬಂತಲ್ಲ, ನಾಳೆ ನೀರು ಬೇಡ ಅಲ್ಲವೇ ಅಣ್ಣ?" ಎಂದು ಕೇಳಿದ. ಹೋದ ಜೂನ್‌ನಲ್ಲಿ ನೆಟ್ಟ ಸಾಲಿನ ಹತ್ತಿರ ಕರೆದುಕೊಂಡು ಹೋಗಿ ಒಂದು ಗಿಡದ ಬೇರುಮುದ್ದೆಗೆ ಅವನ ಬೆರಳನ್ನೇ ಇಳಿಸಿದೆ. ಮೇಲೆ ಅರ್ಧ ಇಂಚು ಒದ್ದೆ, ಅದರ ಕೆಳಗೆ ಒಣ ಮಣ್ಣು. ಅವನು ಬೆರಳು ಒರೆಸಿಕೊಂಡು ಪೈಪು ಬಿಚ್ಚಿದ.